ಪಕ್ಕದ ಮೇಜಿನ ಪ್ಯಾರಾಚೂಟ್

ಪ್ಯಾರಾಚೂಟ್ ಮಡಿಸುವ ಕೋಣೆಯ ಬಾಗಿಲಲ್ಲಿ ಅವನನ್ನು ಕಂಡೊಡನೆ ಅವಳ ಮೈಯೆಲ್ಲ ಉರಿದುಹೋಯಿತು. ಕಮಾಂಡೊ ತರಬೇತಿ ಶಾಲೆಗೆ ಹೊಸ ಮುಖ್ಯಸ್ಥ ಬರುತ್ತಾನೆಂದು ಗೊತ್ತಿತ್ತು. ಇವನೇ ಎಂದು ಯಾರೂ ಹೇಳಿರಲಿಲ್ಲ.

ಯುದ್ಧಕ್ಕೆ ಮುಂಚೆ ಅವನು ಇಲ್ಲೇ ಕ್ಯಾಪ್ಟನ್ ಆಗಿದ್ದ. ಅವಳು ಮಡಿಸಿದ್ದನ್ನು ಬಿಟ್ಟು ಬೇರೆ ಪ್ಯಾರಾಚೂಟ್ ಬೆನ್ನಿಗೇರಿಸುತ್ತಿರಲಿಲ್ಲ.

"ಏ ಗಂಟುಮೋರೆ, ಇದು ಬಿಚ್ಚಿಕೊಳ್ಳುತ್ತೆ ತಾನೇ?" ಎಂದು ಕೆಣಕುವನು.

"ನಿನ್ನ ಬಾಯಷ್ಟು ಬೇಗ ಬಿಚ್ಚಲ್ಲ," ಎನ್ನುವಳು, ನಗು ಕಾಣದಂತೆ ತಲೆ ತಗ್ಗಿಸಿ.

ಆಮೇಲೆ ಯುದ್ಧ ಬಂತು. ಶತ್ರುಗಳ ಬೆನ್ನ ಹಿಂದೆ ಇಳಿದು ಸೇತುವೆ ಉರುಳಿಸಲು ಹೊರಟ ಬೆಳಿಗ್ಗೆ, ಅವಳತ್ತ ತಿರುಗಿಯೂ ನೋಡದೆ, ಪಕ್ಕದ ಮೇಜಿನ ಹಿರಿಯ ಮಡಿಸಿದ್ದನ್ನು ಎತ್ತಿಕೊಂಡು ಹೋದ. ಇಡೀ ಕೋಣೆ ನೋಡಿತ್ತು. ಸೇತುವೆ ಬಿತ್ತು. ಅವನಿಗೆ ಪದಕ ಬಂತು, ಒಂದು ಮೊಣಕಾಲು ಹೋಯಿತು. ಬಡ್ತಿಯ ಮೇಲೆ ಬಡ್ತಿ ಸಿಕ್ಕಿತೆಂಬ ಸುದ್ದಿ ಕಂಡವರ ಬಾಯಿಂದ ಬಂತೇ ಹೊರತು ಅವನಿಂದ ಒಂದು ಫೋನ್ ಇಲ್ಲ.

ಈಗ ಊಟದ ಹೊತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಕುಂಟುತ್ತಾ ಒಳಗೆ ಬಂದ.

"ಹೇಗಿದ್ದೀಯಾ?"

"ಚೆನ್ನಾಗಿದ್ದೀನಿ ಸರ್. ತಮಗೇನು ಬೇಕಿತ್ತು?"

"ಕೋಪ ಇನ್ನೂ ಇಳಿದಿಲ್ವಾ?"

"ಇಳಿಯೋಕೆ ಅದೇನು ಜ್ವರಾನಾ? ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಎಲ್ಲರೆದುರು ತೋರಿಸಿ ಹೋದ್ರಿ. ಆಮೇಲೆ ಹೊಸಬರೂ ನಾನು ಮಡಿಸಿದ್ದನ್ನ ಮುಟ್ಟೋಕೆ ಹಿಂದೆಮುಂದೆ ನೋಡಿದ್ರು."

ಅವನ ಮುಖ ಬಿಳಿಚಿಕೊಂಡಿತು. "ನಂಬಿಕೆ ಇಲ್ಲ ಅಂತಲ್ಲ. ನಾವು ವಾಪಸ್ ಬರೋ ಭರವಸೆ ಇರ್ಲಿಲ್ಲ. ಗುಂಡಿಗೆ ಸತ್ನೋ, ಪ್ಯಾರಾಚೂಟ್ ಬಿಚ್ಚದೆ ಸತ್ನೋ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನೀನು ಜೀವನಪೂರ್ತಿ ನಿನ್ನ ಕೈಗಳನ್ನೇ ದೂರ್ತಾ ಕೂತಿರ್ತಿದ್ದೆ."

ಸಮಾಧಾನ ಆಗಬೇಕಿದ್ದ ಮಾತಿಗೆ ಅವಳ ಸಿಟ್ಟು ನೆತ್ತಿಗೇರಿತು. "ನಾನು ಏನು ತಡ್ಕೋತೀನಿ ಅಂತ ನಿರ್ಧಾರ ಮಾಡೋಕೆ ನೀನ್ಯಾರೋ? ನಾನೇನು ನಿನ್ನ ಸಿಪಾಯೀನಾ? ಪಾಪ, ಆ ಹಿರಿಯರಿಗೆ ಮನಸ್ಸಿಲ್ವಾ? ಬದುಕಿ ಬಂದ್ಮೇಲಾದ್ರೂ ಬಾಯಿ ಬಿಡಬಾರದಿತ್ತಾ?"

"ಕುಂಟ್ಕೊಂಡು ಬಂದು ಏನಂತ ಕೇಳ್ಲಿ?"

"ನಿನ್ನ ಕಾಲನ್ನ ಮದುವೆ ಆಗ್ತಿದ್ನಾ ನಾನು?"

ಮಾತು ಜಾರಿತ್ತು. ಅವಳ ಕಿವಿ ಕೆಂಪಾಯಿತು. ಅವನು ಅವಳ ಮೇಜಿನ ಹತ್ತಿರ ಬಂದ.

"ತಪ್ಪಾಯ್ತು," ಎಂದ ಮೆಲ್ಲಗೆ. "ನಿನ್ನ ಪ್ರೀತಿಸ್ತೀನಿ. ಆವತ್ತೂ, ಈಗ್ಲೂ."

"ಅವಮಾನ ಎಲ್ಲರೆದುರು, ಪ್ರೀತಿ ಮಾತ್ರ ಗುಟ್ಟಾಗಿ?"

ಅವನು ತಿರುಗಿ ನೇರ ಊಟದ ಹಾಲ್‌ಗೆ ನಡೆದ. ಅವಳು ಹಿಂದೆಯೇ ಓಡಿದಳು. ತಟ್ಟೆಗಳ ಸದ್ದನ್ನು ಮೀರಿ ಅವನ ದನಿ ಕೇಳಿತು: "ಆವತ್ತು ಇವಳು ಮಡಿಸಿದ್ದನ್ನ ಬಿಟ್ಟು ಹೋಗಿದ್ದು ಇವಳ ಕೆಲಸದ ತಪ್ಪಲ್ಲ, ನನ್ನ ಹೇಡಿತನ. ಇವಳು ಒಪ್ಪಿದ್ರೆ ಮದುವೆ ಆಗ್ತೀನಿ."

ಚಮಚಗಳ ಸದ್ದು ನಿಂತಿತು. "ಅಂತೂ ಬಾಯಿ ಬಿಟ್ಟ ಪುಣ್ಯಾತ್ಮ!" ಎಂದ ಪಕ್ಕದ ಮೇಜಿನ ಹಿರಿಯ.

ಅವಳು ಹುಬ್ಬುಗಂಟು ಸಡಿಲಿಸಲಿಲ್ಲ. ಕಣ್ಣು ಮಾತ್ರ ತುಂಬಿ ಬಂದಿತ್ತು.

"ಸಂಜೆ ಮನೆಗೆ ಬಾ. ಅಪ್ಪನ ಹತ್ರ ಮಾತಾಡು."

"ಇವತ್ತೇನಾ?"

"ಯಾಕೆ, ಇನ್ನೊಂದು ಯುದ್ಧ ಮುಗೀಲಿ ಅಂತ ಕಾಯ್ತೀಯಾ?"