ಗಿಟಾರಿಗೆ ಲಾಳಿಯ ಎಣ್ಣೆ

"ಇದಕ್ಕ ಎಣ್ಣಿ ಯಾರು ಹಚ್ಚ್ಯಾರ?"

ಗಿಟಾರನ್ನು ಮೂಗಿನ ಹತ್ತಿರ ಹಿಡಿದು ವೈಭವ ಕೇಳಿದ. ಎದುರಿಗೆ ನಿಂತಿದ್ದ ಮಂಗಲಾ ಕಣ್ಣು ತಗ್ಗಿಸಲಿಲ್ಲ.

"ನಾ ಹಚ್ಚೀನಿ. ಯಾಕ್ರಿ, ಪೊಲೀಸರನ್ನ ಕರಸ್ತೀರೇನು?"

ರಬಕವಿಯ ಆ ಸಣ್ಣ ಅಂಗಡಿಯಲ್ಲಿ ಹಾರ್ಮೋನಿಯಂನಿಂದ ಹಿಡಿದು ಗಿಟಾರಿನವರೆಗೆ ಎಲ್ಲ ವಾದ್ಯಗಳ ರಿಪೇರಿ ನಡೆಯುತ್ತಿತ್ತು. ವೈಭವ ತೇರದಾಳದ ಜೈನರ ಹುಡುಗ. ದಿನಾ ಬಸ್ಸಿಗೆ ಬಂದು ಹೋಗುವವನು, ಮಾತು ಕಡಿಮೆ. ಮಂಗಲಾ ಬನಹಟ್ಟಿಯ ನೇಕಾರ ರಾಮಲಿಂಗಪ್ಪನ ಮಗಳು. ನಾಲ್ಕು ವರ್ಷ ಮಗ್ಗಕ್ಕೆ ನೂಲಿನ ಕಂಡಿ ಸುತ್ತಿ, ತನ್ನ ದುಡಿಮೆಯಲ್ಲೇ ಗಿಟಾರು ತಂದವಳು. ಮಗ್ಗದಲ್ಲಿ ಅತ್ತಿತ್ತ ಓಡುವ ಕಟ್ಟಿಗೆಯ ಲಾಳಿಗೆ ಎಣ್ಣೆ ಸವರಿದರೆ ಸಲೀಸಾಗಿ ಓಡುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಕಟ್ಟಿಗೆ ಎಲ್ಲ ಒಂದೇ ಎಂದುಕೊಂಡು ಗಿಟಾರಿಗೂ ಅದೇ ಎಣ್ಣೆ ಬಳಿದಿದ್ದಳು. ಮಗ್ಗದ ಮನೆಯ ಗಾಳಿಯಲ್ಲಿ ಹಾರುವ ಹತ್ತಿಯ ಧೂಳು ಅದರ ಮೇಲೆ ಕೂತು, ತಂತಿಯ ಕೆಳಗೆಲ್ಲ ಕರಿ ಅಂಟಾಗಿತ್ತು. ದನಿ ಸತ್ತೇ ಹೋಗಿತ್ತು.

ಮಾತಿನ ನಡುವೆಯೇ ವೈಭವ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದ. ಮಂಗಲಾಗೆ ಮೈ ಉರಿಯಿತು. ಬಂದವರು ನಿಂತಿರುವಾಗಲೇ ಬಾಗಿಲು ಹಾಕುವುದು ಯಾವ ಊರಿನ ರೀತಿ ಎಂದು ಕೇಳಿಯೇಬಿಟ್ಟಳು.

"ಹೊತ್ತು ಮುಳುಗಾಕತ್ತೈತ್ರಿ. ಕತ್ತಲಾದ ಮ್ಯಾಲೆ ನಾವು ಉಣ್ಣೂದಿಲ್ಲ," ಎಂದು ಅವನು ಬುತ್ತಿ ಬಿಚ್ಚಿದ.

ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ…

ಮರುದಿನ ವೈಭವ ಅಂಟು ಒರೆಸಲು ಮೆತ್ತನೆಯ ಬಟ್ಟೆ ಬೇಕೆಂದು ಒಂದನ್ನು ತೆಗೆದ. ಅವನ ಕೈಯಲ್ಲಿದ್ದ ಹೊಸ ಬಟ್ಟೆಯನ್ನು ಮಂಗಲಾ ಬೆರಳಲ್ಲಿ ಉಜ್ಜಿ ನೋಡಿ, ಇದರಲ್ಲಿ ಇನ್ನೂ ಗಂಜಿ ಇದೆ, ಗೀರು ಬೀಳುತ್ತದೆ ಎಂದಳು. ನೂರು ಸಲ ಒಗೆದು ಹೂವಾಗಿದ್ದ ಅಪ್ಪನ ಹಳೆಯ ಧೋತರವನ್ನೇ ತಂದುಕೊಟ್ಟಳು. ಅಪ್ಪನನ್ನು ಕೇಳಲಿಲ್ಲ.

ಕಟ್ಟಿಗೆ ಬಲ್ಲವನು ಬಟ್ಟೆ ಬಲ್ಲವಳ ಕಡೆ ಮೊದಲ ಸಲ ನೆಟ್ಟಗೆ ನೋಡಿದ.

ವಾರಪೂರ್ತಿ ಮಧ್ಯಾಹ್ನ ಅವಳು ಬಂದಳು. ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಬಿಚ್ಚುವುದು, ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ತೇವವಷ್ಟೇ ಉಳಿಸಿಕೊಂಡು ಒರೆಸುವುದು, ತಕ್ಷಣ ಒಣಬಟ್ಟೆ ಆಡಿಸುವುದು, ಹೊಟ್ಟೆಯ ತೂತಿನೊಳಗೆ ಒಂದು ಹನಿಯೂ ಇಳಿಯದಂತೆ ನೋಡಿಕೊಳ್ಳುವುದು… ಅವನು ತೋರಿಸಿದ, ಅವಳು ಮಾಡಿದಳು. ಒಂದೇ ಧೋತರದ ಎರಡು ತುದಿ ಇಬ್ಬರ ಕೈಯಲ್ಲಿದ್ದವು.

ಶನಿವಾರ ಅವಳು ತಡೆಯಲಾರದೆ ಹೇಳಿದಳು. "ನಾಳಿ ಮುಧೋಳದವರು ಕನ್ಯಾ ನೋಡಾಕ ಬರತಾರ. ಗಿಟಾರ ಮಿಂಚಬೇಕು ನೋಡ್ರಿ."

ವೈಭವನ ಕೈ ನಿಂತಿತು. 'ವರನ ಕಣ್ಣಿಗೆ ಚೆಂದ ಕಾಣಲಿ ಅಂತ ಇಷ್ಟೆಲ್ಲ…' ಎಂದುಕೊಂಡ.

"ಇದರ ಮೈ ಮಿಂಚೂದಲ್ರಿ. ಪಾಲಿಶ್ ಹಚ್ಚಿದ್ರ ಕಲೆ ಬೀಳತಾವ. ಹಿಂಗ ಒಯ್ಯರಿ," ಎಂದು ಗಿಟಾರನ್ನು ಮುಂದಕ್ಕೆ ಸರಿಸಿದ.

ನೇಕಾರರ ಹುಡುಗಿಗೆ ಇಷ್ಟು ಸಾಕು ಎಂದುಕೊಂಡನೇ? ಮಂಗಲಾ ಗಿಟಾರು ಎತ್ತಿಕೊಂಡು ಹೊರಟಳು.

ಭಾನುವಾರ ಅದನ್ನು ಅಟ್ಟದ ಮೇಲಿಡು ಎಂದು ರಾಮಲಿಂಗಪ್ಪ ಮೂರು ಸಲ ಹೇಳಿದ. ಮಂಗಲಾ ಅದನ್ನು ಹಿಡಿದುಕೊಂಡೇ ಮುಧೋಳದವರು ಕೂತಿದ್ದ ಪಡಸಾಲೆಗೆ ಬಂದು, ಚಾಪೆಯ ಮೇಲೆ ಕೂತು ಬಾರಿಸಿದಳು. ದನಿ ತಿಳಿನೀರಿನಂತಿತ್ತು. ಬಾರಿಸುತ್ತಲೇ ಅವಳಿಗೆ ತಿಳಿಯಿತು… ಮಿಂಚಿಸುವುದಕ್ಕಿಂತ ದೊಡ್ಡ ಕೆಲಸವನ್ನು ಅವನು ಮಾಡಿಕೊಟ್ಟಿದ್ದ!

ವರನ ತಾಯಿ ಚಹಾ ಮುಗಿಸಿ, ಮದುವೆಯಾದ ಮೇಲೆ ಇದು ತವರಲ್ಲೇ ಇರುತ್ತದಲ್ಲ ಎಂದು ನಯವಾಗಿ ಕೇಳಿದಳು.

"ಇದು ಬರದ ಮನಿಗೆ ನಾನೂ ಬರೂದಿಲ್ರಿ," ಎಂದಳು ಮಂಗಲಾ.

ಮುಧೋಳದವರು ಎದ್ದರು. ಅಪ್ಪ ಸಂಜೆಯವರೆಗೆ ಮಗಳಿಗೆ ಬೆನ್ನು ಮಾಡಿ ಮಗ್ಗದಲ್ಲಿ ಕೂತ. ಕೊನೆಗೆ, ತನ್ನ ಧೋತರ ಎಲ್ಲಿ ಹೋಯಿತೆಂದು ಗೋಡೆಯನ್ನು ಕೇಳಿದ.

ಸೋಮವಾರ ಅವಳು ಅಂಗಡಿಗೆ ಹೋದಾಗ ವೈಭವ ತಲೆ ಎತ್ತದೆ ತಬಲಾದ ಬಾರು ಬಿಗಿಯುತ್ತಿದ್ದ. ಮುಧೋಳದವರು ಏನಂದರು ಎಂದಷ್ಟೇ ಕೇಳಿದ.

"ಗಿಟಾರ ಬಿಟ್ಟು ಬಾ ಅಂದ್ರು. ನಾ ಅವರನ್ನ ಬಿಟ್ಟೆ."

ಅವನ ಕೈಯಿಂದ ಬಾರು ಜಾರಿತು. "ಹಂಗಾರ ಮಿಂಚಬೇಕು ಅಂದಿದ್ದು…"

"ನಮ್ಮಪ್ಪ ಮೊದಲಿಂದ್ಲೂ ಮುಚ್ಚಿಡು ಅಂತಿದ್ದ. ಅದಕ್ಕ ಎದ್ದು ಕಾಣಲಿ ಅಂದೆ. ವರನ ಸಲುವಾಗಿ ಅಲ್ಲ." ಅವಳು ಅವನ ಎದುರಿಗೇ ಬಂದು ನಿಂತಳು. "ನಮ್ಮಪ್ಪ ಸಿಟ್ಟಿನ್ಯಾಗ ಅದಾನ. ನಿಮ್ಮ ಮನ್ಯಾಗೂ ಸುಮ್ನ ಒಪ್ಪೂದಿಲ್ಲ, ಗೊತ್ತೈತಿ. ಆದ್ರೂ ಕೇಳತೀನಿ. ನಿಮಗ ನಾ ಬೇಕೋ, ಬ್ಯಾಡೋ?"

ಹೊರಗೆ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಹೋಯಿತು. ಅದು ದೂರವಾಗುವವರೆಗೂ ಅವನು ಕಾದ. ಈ ಮಾತು ಅವಳಿಗೆ ಸರಿಯಾಗಿ ಕೇಳಬೇಕಿತ್ತು.

"ಬೇಕು."

ಅಷ್ಟು ಹೊತ್ತು ಮಂಗಲಾ ಬಿಗಿಹಿಡಿದಿದ್ದ ಧೈರ್ಯ ಈಗ ಕಣ್ಣಲ್ಲಿ ನೀರಾಯಿತು.

ವೈಭವ ಒಳಗಿನಿಂದ ಧೋತರ ತಂದ. ಒಗೆದು, ಮಡಚಿ, ಮಣೆಯ ಕೆಳಗಿಟ್ಟು ಇಸ್ತ್ರಿಯಂಥ ಗೆರೆ ಮೂಡಿಸಿದ್ದ. ಅವಳು ಕೈ ಚಾಚಿದರೆ ಕೊಡಲಿಲ್ಲ.

"ನಾಳಿ ನಾನೇ ಮನಿಗೆ ಬಂದು ನಿಮ್ಮಪ್ಪನ ಕೈಯಾಗ ಕೊಡತೀನಿ. ಕೇಳೂದನ್ನೂ ಅಲ್ಲೇ ಕೇಳತೀನಿ."

"ಬೈತಾನ."

"ಬೈಲಿ. ಕುಂತು ಬೈಸ್ಕೋತೀನಿ." ಅವನು ಬಾಗಿಲಾಚೆಯ ಬಿಸಿಲು ನೋಡಿದ. "ನಿಮ್ಮನ್ಯಾಗ ರೊಟ್ಟಿ ಯಾವಾಗ ಬಡೀತೀರಿ?"

ಕಣ್ಣೊರೆಸಿಕೊಂಡು ಮಂಗಲಾ ನಕ್ಕಳು.

"ದಿನಾ ರಾತ್ರಿ ಎಂಟಕ್ಕ. ನಾಳಿ… ಹೊತ್ತು ಮುಳುಗೂದ್ರೊಳಗ."