ಬೆಚ್ಚಗಿನ ಮಣ್ಣು

ಪದ್ಮನಾಭನಗರದಲ್ಲಿ ಮುಚ್ಚಿಹೋದ ಪೆಟ್ರೋಲ್ ಬಂಕಿನ ಜಾಗವದು. ನೆಲದಡಿಯ ಟ್ಯಾಂಕ್ ತೆಗೆಸಿ ವರ್ಷಗಳಾಗಿದ್ದವು. ಮಣ್ಣಿನಲ್ಲಿ ಪೆಟ್ರೋಲ್ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಡ್ರಿಲ್ಲಿಂಗ್ ಮಾಡುವ ಚನ್ನವೀರ ಎಂದಿನಂತೆ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಯಂತ್ರದ ಎಡಬಲಕ್ಕೆ ಒಂದೊಂದು ಹೋಳು ಇಟ್ಟ.

‘ಬೇಗ ಮುಗ್ಸಪ್ಪ,’ ಎಂದು ರೇಗಿದೆ. ಮಧ್ಯಾಹ್ನವಾಗುತ್ತಾ ಬಂದಿತ್ತು.

ಮೇಲೆ ಬಂದ ಮಣ್ಣು ಬೆಚ್ಚಗಿತ್ತು. ಯಂತ್ರದ ಶಾಖವೆಂದುಕೊಂಡೆ. ಆಳಕ್ಕೆ ಹೋದಂತೆ ಅದು ಯಾರೋ ಆಗತಾನೇ ಎದ್ದುಹೋದ ಹಾಸಿಗೆಯ ಹಾಗಿತ್ತು. ಪೆಟ್ರೋಲ್ ವಾಸನೆ ಒಂಚೂರೂ ಇರಲಿಲ್ಲ. ಕಾಲಡಿಯ ನೆಲ ಮಾತ್ರ ಅದುರುತ್ತಿತ್ತು.

‘ಒಂದ್ ನಿಮಿಷ ನಿಲ್ಸು ಮಾರಾಯ!’

‘ಆವಾಗ್ಲೆ ಬಂದ್ ಮಾಡೀನ್ರಿ ಸರ್ರ,’ ಎಂದು ಚನ್ನವೀರ ಎರಡೂ ಕೈ ಎತ್ತಿ ತೋರಿಸಿದ.

ಮಣ್ಣು ತುಂಬಿಕೊಂಡಿದ್ದ ಕೊನೆಯ ಕೊಳವೆಯನ್ನು ಎತ್ತಿ ಬಿಚ್ಚಿದೆವು. ಇಪ್ಪತ್ತು ಅಡಿ ಆಳದ ಮಣ್ಣಿನ ನಡುವೆ ಅರ್ಧ ನಿಂಬೆಹಣ್ಣಿತ್ತು. ಅದರ ಕುಂಕುಮ ಇನ್ನೂ ಒದ್ದೆಯಾಗಿತ್ತು.

‘ನಮ್ದೇ ಒಳಗೆ ಬಿದ್ದಿರ್ಬೇಕು ಬಿಡು,’ ಎಂದೆ.

ಅವನು ಯಂತ್ರದ ಪಕ್ಕದ ನೆಲ ತೋರಿಸಿದ. ನಮ್ಮ ಹೋಳುಗಳೆರಡೂ ಇಟ್ಟಲ್ಲೇ ಇದ್ದವು.

ಆ ಮಣ್ಣನ್ನು ಬಾಟಲಿಗೆ ತುಂಬಿ, ಪೆಟ್ಟಿಗೆಯಲ್ಲಿ ಸುತ್ತ ಐಸ್ ಸುರಿದು, ನಾನೇ ಟೇಪ್ ಸುತ್ತಿ ಕಳಿಸಿದೆ. ಸಂಜೆ ಲ್ಯಾಬಿನಿಂದ ಸೌಮ್ಯ ಫೋನ್ ಮಾಡಿದರು.

‘ಸಾರ್, ಪೆಟ್ಟಿಗೆಗೆ ಐಸ್ ಬದ್ಲು ಬಿಸಿನೀರು ಯಾಕ್ ಹಾಕಿದೀರಾ?’