ಎರಡು ಹಗ್ಗಗಳಲ್ಲಿ ತೂಗಿದ ಹಟ

"ರೀ, ಬಾಗಿಲು ಮುಚ್ರೀ! ಗಾಳಿ ಬಂದ್ರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹಾಳು!"

ಕಾವೇರಿ ಕೂಗಿದ ರಭಸಕ್ಕೆ ಮಧುಕರ್ ಹೊಸಿಲಲ್ಲೇ ನಿಂತುಬಿಟ್ಟ.

"ಸಾರಿ... ನಾನು ಡಿಸೈನ್‌ನವನು. ಈ ವಿಮಾನದ ಲೆಕ್ಕ ಹಾಕಿದ್ದು ನಾನೇ."

"ಯಾರಾದ್ರೂ ಆಗಿ. ಒಳಗೆ ಬನ್ನಿ, ಇಲ್ಲ ಹೊರಗಿರಿ!"

ಅವನು ಒಳಗೆ ಬಂದ.

ಹೊಸ ತಿಪ್ಪಸಂದ್ರದ ಆ ಶೆಡ್‌ನಲ್ಲಿ ಎರಡೇ ಸೀಟಿನ ಪುಟ್ಟ ವಿಮಾನವೊಂದು ಎರಡು ಉಕ್ಕಿನ ಹಗ್ಗಗಳಲ್ಲಿ ನೇತಾಡುತ್ತಿತ್ತು. ಮೂಗನ್ನು ತುಸು ಪಕ್ಕಕ್ಕೆ ತಳ್ಳಿ ಬಿಟ್ಟರೆ ಲೋಲಕದಂತೆ ಅತ್ತಿತ್ತ ತಿರುಗುತ್ತದೆ. ಆ ತೂಗಾಟದ ಸಮಯ ಅಳೆಯುವುದೇ ಕಾವೇರಿಯ ಕೆಲಸ. ನಿಧಾನವಾಗಿ ತೂಗಿದಷ್ಟೂ ಅದರ ಇನರ್ಷಿಯಾ ಹೆಚ್ಚು. ಅಂದರೆ, ತಿರುಗಿಸಲು ಹೊರಟವರಿಗೆ ಅದು ಅಷ್ಟು ಹಟ ಮಾಡುತ್ತದೆ.

"ನಿಮ್ಮಂತೆ," ಎಂದ ಮಧುಕರ್, ಆಕೆ ವಿವರಿಸಿದಾಗ.

ಕಾವೇರಿಗೆ ನಗು ತಡೆಯಲಾಗಲಿಲ್ಲ. ಅಂತಿಮ ಪರೀಕ್ಷೆಗೆ ಮುನ್ನ ಅಭ್ಯಾಸಕ್ಕೆ ತೂಗಿ ನೋಡಿದ ಆ ವಾರಗಳಲ್ಲಿ ಇಬ್ಬರೂ ಮಾರ್ಕೆಟ್ ರಸ್ತೆಯಲ್ಲಿ ಒಟ್ಟಿಗೆ ಟೀ ಕುಡಿದರು. ಮನೆಗೆ ಹೋಗುವ ಟಿನ್ ಫ್ಯಾಕ್ಟರಿ ಬಸ್ ತಪ್ಪಿದರೆ ಅವಳಿಗೆ ಬೇಸರವೇ ಆಗುತ್ತಿರಲಿಲ್ಲ!

ಆದರೆ ಅಂತಿಮ ಪರೀಕ್ಷೆಯಲ್ಲಿ ವಿಮಾನ ಲೆಕ್ಕಕ್ಕಿಂತ ನಿಧಾನವಾಗಿ ತೂಗಿತು.

"ಏನಮ್ಮ ಇದು?" ಮ್ಯಾನೇಜರ್ ಮುನಿರಾಜು ರೇಗಿದರು. "ತೂಕ ಮಿತಿಯೊಳಗಿದೆ, ಬ್ಯಾಲೆನ್ಸ್ ಸರಿಯಿದೆ. ಮುಂದಿನ ವಾರ ಪೈಲಟ್ ಆಕಾಶದಲ್ಲಿ ಗಿರಕಿ ಹೊಡೆಸಿ ನೋಡ್ತಾರೆ. ಡಿಸೈನ್ ನಂಬರ್‌ನೇ ಬರೆದುಬಿಡು."

"ಆಗಲ್ಲ ಸರ್. ಇನರ್ಷಿಯಾ ಇಷ್ಟಿದ್ರೆ ಗಿರಕಿಯಿಂದ ಅದು ಬೇಗ ಹೊರಗೆ ಬರಲ್ಲ. ಒಳಗೆ ಮನುಷ್ಯ ಇರ್ತಾನೆ!"

ಅವಳು ಮಧುಕರ್‌ನತ್ತ ನೋಡಿದಳು. *ಏನಾದರೂ ಹೇಳು...*

"ನನ್ನೆದುರು ಇನ್ನೊಮ್ಮೆ ತೂಗಲಿ ಸರ್," ಎಂದ ಅವನು.

ಇವನೂ ತನ್ನ ಅಳತೆ ನಂಬಲಿಲ್ಲ ಅಂದುಕೊಂಡಳು ಕಾವೇರಿ. ಹೊರಗೆ ಬಂದೊಡನೆ ಸಿಟ್ಟಿಗೆ ಅಪ್ಪ-ಅಮ್ಮನ ರಾಯಚೂರು ಮಾತು ನಾಲಿಗೆಗೆ ಬಂತು.

"ನಿಮ್ಮ ಲೆಕ್ಕ ಉಳಿಸ್ಕೊಳ್ಳಾಕ ನನ್ನ ಸುಳ್ಳಿ ಮಾಡ್ತೀರೇನ್ರಿ?"

"ಕಾವೇರಿ, ಕೇಳಿ..."

"ತೂಗ್ತೀನಿ. ಕಣ್ಣು ಬಿಟ್ಕೊಂಡು ನೋಡ್ರಿ!"

ಮರುದಿನ ಫ್ಯಾನ್ ಆರಿಸಿ ಬಾಗಿಲು ಹಾಕಿ ಮತ್ತೆ ತೂಗಿದಳು. ಅದೇ ಸಂಖ್ಯೆ ಬಂತು.

ಮಧುಕರ್ ಬಾಲದ ರೆಕ್ಕೆಯನ್ನು ಬೆರಳಿನಿಂದ ತಟ್ಟುತ್ತ ಹೋದ. ಒಂದು ಕಡೆ ಸದ್ದು ಮಂದವಾಯಿತು. ಬಣ್ಣ ಕೆರೆದ. ಕೆಳಗೆ ದಪ್ಪನೆಯ ಪುಟ್ಟಿ!

"ಇದು ಡ್ರಾಯಿಂಗ್‌ನಲ್ಲಿಲ್ಲ," ಎಂದ ಮೆಲ್ಲಗೆ.

ಕಾವೇರಿಗೆ ಥಟ್ಟನೆ ಹೊಳೆಯಿತು. "ಹಂಗಾದ್ರೆ ಬ್ಯಾಲೆನ್ಸ್ ಹೇಗೆ ಸರಿಯಿದೆ? ಮೂಗಲ್ಲೂ ಏನೋ ಇರ್ಬೇಕು!"

ಮೂಗಿನ ಮುಚ್ಚಳ ಬಿಚ್ಚಿದರು. ಸೀಸದ ಗಟ್ಟಿಗಳು.

"ಪ್ರದರ್ಶನಕ್ಕೆ ಬಾಲ ನುಣ್ಣಗೆ ಕಾಣ್ಲಿ ಅಂತ ಅಭ್ಯಾಸ ಮುಗಿದ್ಮೇಲೆ ಪುಟ್ಟಿ ಬಳಿಸ್ದೆ..." ಪಕ್ಕದಲ್ಲೇ ನಿಂತಿದ್ದ ಮುನಿರಾಜು ತಡವರಿಸಿದರು. "ಹಿಂದೆ ಭಾರ ಆಯ್ತು, ಮುಂದೆ ಸೀಸ ಹಾಕಿಸ್ದೆ. ತಕ್ಕಡಿ ಸರಿ ತೋರಿಸ್ತಲ್ಲ!"

"ಎರಡು ತುದಿಗೂ ಭಾರ ಕಟ್ಟಿದ್ರೆ ತಕ್ಕಡಿಗೆ ಗೊತ್ತಾಗಲ್ಲ ಸರ್. ಹಗ್ಗದಲ್ಲಿ ತೂಗಾಡಿಸಿದ್ರೇ ಗೊತ್ತಾಗೋದು." ಕಾವೇರಿ ತಲೆಯೆತ್ತಿ ನಿಂತಳು. "ನನ್ನ ನಂಬರ್ ಬದಲಾಗಲ್ಲ. ವಿಮಾನ ಬದಲಾಯ್ಸಿ!"

ಮುನಿರಾಜು ಹಾರಾಟ ಮುಂದೂಡಲು ಫೋನ್ ಎತ್ತಿಕೊಂಡು ಹೊರಗೆ ಹೋದರು.

"ನನ್ನ ಮೇಲೆ ಅನುಮಾನ ಇತ್ತಲ್ಲ?" ಎಂದಳು ಕಾವೇರಿ.

"ನಿಮ್ಮ ಮೇಲಲ್ಲ. ನೀವೊಬ್ರೇ ಹೇಳಿದ್ರೆ ತಳ್ಳಿಹಾಕ್ತಿದ್ರು. ಲೆಕ್ಕ ಹಾಕಿದವನೇ ಪಕ್ಕ ನಿಂತು ಹೌದು ಅಂದ್ರೆ ತಳ್ಳಿಹಾಕೋಕಾಗಲ್ಲ."

"ಅದನ್ನ ಆಗ್ಲೇ ನನಗೆ ಹೇಳ್ಬೇಕಿತ್ತು. ನನ್ನ ಪರವಾಗಿ ನೀವೊಬ್ರೇ ತೀರ್ಮಾನ ಮಾಡೋದು ನನಗಿಷ್ಟ ಇಲ್ಲ."

"ತಪ್ಪಾಯ್ತು." ಅವನು ಗಂಟಲು ಸರಿಮಾಡಿಕೊಂಡ. "ಕಾವೇರಿ, ನಾನು ನಿಮ್ಮನ್ನ..."

"ನಿಲ್ಲಿ! ಅದನ್ನೂ ನೀವೇ ಮೊದಲು ಹೇಳ್ಬೇಕಾ?" ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ತಗ್ಗಲಿಲ್ಲ. "ನನಗೆ ನೀವು ಇಷ್ಟ. ನಮ್ಮನೇಲಿ ಬೈದ್ರೂ, ನಿಮ್ಮನೇಲಿ ಮುಖ ಊದಿಸ್ಕೊಂಡ್ರೂ ಇಷ್ಟಾನೇ!"

"ಯೋಚನೆ ಮಾಡೋಕೆ ಟೈಮ್ ಬೇಕಾ ಅಂತ ನನ್ನ ಕೇಳಲ್ವಾ?" ಎಂದ ಅವನು.

"ಬೇಕಾ?"

ಅವನು ಅವಳ ಗ್ರೀಸ್ ಮೆತ್ತಿದ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ.

"ಬೇಡ..."